ಕಾಫಿಗೆ ಮೊದಲು ಆ ಪುಟ್ಟ ಮಾತ್ರೆ

ನಮ್ಮ ಚಿಕ್ಕಮ್ಮ ಬೆಳಿಗ್ಗೆ ಎದ್ದವರೇ ಥೈರಾಯ್ಡ್ ಮಾತ್ರೆಯನ್ನು ಬಿಸಿ ಕಾಫಿಯ ಜೊತೆಗೇ ನುಂಗುತ್ತಿದ್ದರು. ತಿಂಡಿಯಾದ ಕೂಡಲೇ ಕ್ಯಾಲ್ಸಿಯಂ ಮಾತ್ರೆ. ಸುಸ್ತು ಬಿಡಲಿಲ್ಲ, ಕೂದಲು ಉದುರುವುದು ನಿಲ್ಲಲಿಲ್ಲ, ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಮಟ್ಟ ಇಳಿಯಲಿಲ್ಲ. ಡೋಸ್ ಸರಿಯಾಗಿಯೇ ಇತ್ತು. ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರುತ್ತಿರಲಿಲ್ಲ, ಅಷ್ಟೇ.

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಂತೆ ಕೂತ ಥೈರಾಯ್ಡ್ ಗ್ರಂಥಿಯ ತೂಕ ಸುಮಾರು 20 ಗ್ರಾಂ. ಅದರ ಹಾರ್ಮೋನು ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದರ ಮೇಲ್ವಿಚಾರಕ. ರಕ್ತದಲ್ಲಿ ಹಾರ್ಮೋನು ಕಡಿಮೆಯಾದರೆ ಟಿಎಸ್‌ಎಚ್ ಎಂಬ ತನ್ನ ಹಾರ್ಮೋನನ್ನು ಹೆಚ್ಚಿಸಿ ‘ಇನ್ನಷ್ಟು ಮಾಡು’ ಎಂದು ಒತ್ತಾಯಿಸುತ್ತದೆ, ಸಾಕಾದರೆ ಸುಮ್ಮನಾಗುತ್ತದೆ. ಹಾಗಾಗಿ ವರದಿಯಲ್ಲಿ ಟಿಎಸ್‌ಎಚ್ ಏರಿದೆಯೆಂದರೆ ಸಾಮಾನ್ಯವಾಗಿ ಥೈರಾಯ್ಡ್ ಸೋತಿದೆ ಎಂದೇ ಅರ್ಥ. ಬಹಳ ಮಂದಿ ಇದನ್ನು ತಿರುಗಾಮುರುಗಾ ತಿಳಿದಿದ್ದಾರೆ.

ಆ ಕೊರತೆ ತುಂಬುವ ಹಾರ್ಮೋನಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ. ಕಾಫಿ, ತಿಂಡಿಗೆ ಮುಂಚೆ ಅರ್ಧದಿಂದ ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಡೋಸ್ ಬದಲಾದರೆ 6ರಿಂದ 8 ವಾರ ಕಾದು ರಕ್ತ ಪರೀಕ್ಷೆ ಮಾಡಿಸಿ. ಈ ಹಾರ್ಮೋನು ನಿಧಾನಿ, ದೇಹದಲ್ಲಿ ಅರ್ಧ ಕರಗಲಿಕ್ಕೇ ಸುಮಾರು ಒಂದು ವಾರ ಬೇಕು.

ವರದಿ ಸರಿಬಂತೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ; ಸರಿಬಂದದ್ದು ಮಾತ್ರೆಯಿಂದಲೇ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಗರ್ಭಿಣಿಯಾದರೆ ತಡಮಾಡದೆ ವೈದ್ಯರಿಗೆ ತಿಳಿಸಲೇಬೇಕು. ಮೊದಲ ಮೂರು ತಿಂಗಳು ಮಗುವಿನ ಮೆದುಳು ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ.

ಚಿಕ್ಕಮ್ಮ ಈಗ ಮಾತ್ರೆ ನುಂಗಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ಹೂ ಕೊಯ್ದು ಬಂದ ಮೇಲೆಯೇ ಡಿಕಾಕ್ಷನ್‌ಗೆ ಕೈಹಾಕುತ್ತಾರೆ.