ಬಿಚ್ಚುವ ಮುನ್ನ ಒಂದು ಬ್ಯಾಕಪ್

ಯಾದಗಿರಿ, ಶಹಾಪುರ, ಸುರಪುರದ ಬೀಜ-ಗೊಬ್ಬರದ ಅಂಗಡಿಯವರೇ, ನಿಮ್ಮ ಹಳೆಯ ಕಂಪ್ಯೂಟರಿನೊಳಗಿನ ನಿಜವಾದ ಆಸ್ತಿ ರೈತರ ಹೆಸರು, ಊರು, ಮೊಬೈಲ್ ನಂಬರುಗಳ ಪಟ್ಟಿ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟ ವಾರ ಆ ನಂಬರುಗಳು ಕೈಗೆ ಸಿಗಲೇಬೇಕು.

ಪಟ್ಟಿ ಎಸ್‌ಕ್ಯುಎಲ್ ಸರ್ವರ್‌ನಲ್ಲಿದ್ದು, ಹೊಸ ಯಂತ್ರಕ್ಕೆ ಒಯ್ಯಬೇಕಾದರೆ ಅವಸರ ಬೇಡ. ಗಾಡಿ ನಿಂತ ಮೇಲೆಯೇ ಎತ್ತು ಬಿಚ್ಚುವುದು. ಮೊದಲು ಪೂರ್ತಿ ಬ್ಯಾಕಪ್ ತೆಗೆದು ಪೆನ್‌ಡ್ರೈವಿಗೆ ಹಾಕಿ. ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ, ನಾಲ್ಕು ಹೆಸರು ಹುಡುಕಿ ನೋಡಿ. ಆಮೇಲೆ ಗಲ್ಲಾದಲ್ಲಿ, ಗೋದಾಮಿನಲ್ಲಿ ತಂತ್ರಾಂಶ ತೆರೆದಿಟ್ಟವರೆಲ್ಲ ಮುಚ್ಚಲಿ. ಒಬ್ಬರು ಒಳಗಿದ್ದರೂ ಡೇಟಾಬೇಸ್ ಬಿಚ್ಚಿಕೊಳ್ಳುವುದಿಲ್ಲ.

ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಡೇಟಾಬೇಸಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ಟಾಸ್ಕ್ಸ್, ಅದರೊಳಗೆ ಡಿಟ್ಯಾಚ್. ಇಲ್ಲಿ ಕಣ್ಣು ಗಟ್ಟಿಯಾಗಿರಲಿ: ಬಲ ಕ್ಲಿಕ್ಕಿನ ಮೆನುವಿನಲ್ಲಿ ಡಿಲೀಟ್ ಕೂಡ ಇದೆ. ಡಿಟ್ಯಾಚ್ ಮಾಡಿದರೆ ಸರ್ವರಿನ ಪಟ್ಟಿಯಿಂದ ಹೆಸರು ಮಾತ್ರ ಹೋಗುತ್ತದೆ, ಕಡತಗಳು ಉಳಿಯುತ್ತವೆ. ಡಿಲೀಟ್ ಕಡತಗಳನ್ನೇ ಅಳಿಸುತ್ತದೆ. ಒಂದು ಅಂಗಡಿಯಲ್ಲಿ ಹಾಗಾದಾಗ ನಾವು ಎರಡು ದಿನ ಹಳೆಯ ಬಿಲ್ ಪುಸ್ತಕ ತಿರುವಿ ನಂಬರು ಬರೆದುಕೊಂಡಿದ್ದೇವೆ.

ಎಂಡಿಎಫ್, ಎಲ್‌ಡಿಎಫ್ ಎರಡೂ ಕಡತಗಳ ನಕಲನ್ನು ಒಟ್ಟಿಗೆ ಒಯ್ದು ಹೊಸ ಸರ್ವರಿಗೆ ಅಟ್ಯಾಚ್ ಮಾಡಿ. ಹೊಸ ಸರ್ವರಿನ ಆವೃತ್ತಿ ಹಳೆಯದಕ್ಕಿಂತ ಹಿಂದಿನದಾಗಿದ್ದರೆ ಅಟ್ಯಾಚ್ ಆಗದು. ಲಾಗಿನ್‌ಗಳು ಹಳೆಯ ಸರ್ವರಿನ ಮಾಸ್ಟರ್ ಡೇಟಾಬೇಸಿನಲ್ಲೇ ಉಳಿಯುತ್ತವೆ. ಅವನ್ನು ಹೊಸದರಲ್ಲಿ ಮತ್ತೆ ಮಾಡಿಕೊಳ್ಳಿ. ಹೊಸ ಯಂತ್ರದಲ್ಲಿ ಒಂದು ವಾರ ಬಿಲ್ ಹರಿಯುವವರೆಗೆ ಹಳೆಯ ಕಡತಗಳನ್ನು ಮುಟ್ಟಬೇಡಿ.