ಡಾ. ಎಚ್. ಸುದರ್ಶನ್: ಪರೀಕ್ಷಾ ಟಿಪ್ಪಣಿ

ಚಾಮರಾಜನಗರ ಜಿಲ್ಲೆಯ ಪ್ರಶ್ನೆಗಳಲ್ಲಿ ಈ ಹೆಸರನ್ನು ಬಿಡಬೇಡಿ.

1. ವೃತ್ತಿ: ವೈದ್ಯ. ಬೆಂಗಳೂರು ಮೆಡಿಕಲ್ ಕಾಲೇಜಿನ ಪದವೀಧರ. ಕಾರ್ಯಕ್ಷೇತ್ರ: ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನಬೆಟ್ಟ, ಸೋಲಿಗ ಬುಡಕಟ್ಟಿನವರ ನಡುವೆ.

2. 1981: ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪನೆ. ಆರೋಗ್ಯದ ಜೊತೆಗೆ ಶಾಲೆ, ಕಸುಬಿನ ತರಬೇತಿ, ಅರಣ್ಯ ಹಕ್ಕಿನ ಅರಿವು. ಔಷಧಿಯೊಂದರಿಂದಲೇ ಆರೋಗ್ಯ ಬರುವುದಿಲ್ಲ ಎಂಬ ಈ ನಿಲುವೇ ಅವರ ನಿಜವಾದ ಕೊಡುಗೆ. ವಿವರಣಾತ್ಮಕ ಉತ್ತರದಲ್ಲಿ ಇದನ್ನೇ ಮೊದಲು ಬರೆಯಿರಿ.

3. ಸೋಲಿಗರಲ್ಲಿ ಕುಡುಗೋಲು ಕಣ ರಕ್ತಹೀನತೆಯ ಪತ್ತೆ. ಇದು ಆನುವಂಶಿಕ ಕಾಯಿಲೆ, ಅಂಟುರೋಗವಲ್ಲ. ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣ ಬಾಗಿ ಕುಡುಗೋಲಿನ ಆಕಾರ ತಾಳುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅದರಿಂದ ತೀವ್ರ ನೋವು.

4. 1986: ಕರುಣಾ ಟ್ರಸ್ಟ್. ಯಳಂದೂರಿನಲ್ಲಿ ಕುಷ್ಠರೋಗ ನಿಯಂತ್ರಣದಿಂದ ಆರಂಭ. 1996ರಲ್ಲಿ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆ ವಹಿಸಿಕೊಂಡಿತು.

5. ಪ್ರಶಸ್ತಿ: ರೈಟ್ ಲೈವ್ಲಿಹುಡ್ 1994, ಪದ್ಮಶ್ರೀ 2000.

ಗೊಂದಲದ ಅಂಶಗಳು
- ರೈಟ್ ಲೈವ್ಲಿಹುಡ್ ಅನ್ನು ‘ಪರ್ಯಾಯ ನೊಬೆಲ್’ ಎನ್ನುತ್ತಾರೆ. ಅದು ನೊಬೆಲ್ ಪ್ರಶಸ್ತಿಯಲ್ಲ. ಮ್ಯಾಗ್ಸೆಸೆಯೂ ಅಲ್ಲ.
- 1981ರಲ್ಲಿ ಬೆಟ್ಟವಿದ್ದದ್ದು ಮೈಸೂರು ಜಿಲ್ಲೆಯಲ್ಲಿ. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.
- ಬಂಡೀಪುರ, ಹಿಮವದ್ ಗೋಪಾಲಸ್ವಾಮಿ ಬೆಟ್ಟ ಗುಂಡ್ಲುಪೇಟೆ ತಾಲ್ಲೂಕಿನವು, ಬಿಳಿಗಿರಿರಂಗನಬೆಟ್ಟ ಅಲ್ಲ. ಹಲವರು ಅಂಕ ಕಳೆದುಕೊಳ್ಳುವುದು ಇಲ್ಲೇ.
- ಸೋಲಿಗರು ಪರಿಶಿಷ್ಟ ಪಂಗಡ. ಆದರೆ ಕರ್ನಾಟಕದಲ್ಲಿ ‘ವಿಶೇಷ ದುರ್ಬಲ ಬುಡಕಟ್ಟು’ ಪಟ್ಟಿಯಲ್ಲಿರುವುದು ಜೇನುಕುರುಬ ಮತ್ತು ಕೊರಗ ಮಾತ್ರ.
- ಗುಂಡ್ಲುಪೇಟೆ ಶಾಸಕಿಯಾಗಿದ್ದ ಕೆ.ಎಸ್. ನಾಗರತ್ನಮ್ಮ: ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್. ‘ಜಿಲ್ಲೆಯ ಸಾಧಕರು’ ಎಂಬ ಹೊಂದಿಸಿ ಬರೆಯಿರಿ ಪ್ರಶ್ನೆಗೆ ಇವರನ್ನೂ ಓದಿಕೊಳ್ಳಿ.