ಆರ್.ಸಿ. ಕಳೆದ ಹಳೆಯ ವಾಹನ: ಮಾರುವ ಮುನ್ನ, ಕೊಳ್ಳುವ ಮುನ್ನ



ಮಾರ್ಕೆಟ್‌ನಿಂದ ತರಕಾರಿ ತರುವ ವ್ಯಾನ್, ಕೇಟರಿಂಗ್ ಪಾತ್ರೆ ಸಾಗಿಸುವ ಟೆಂಪೋ ನಮ್ಮಲ್ಲಿ ಅನೇಕರ ಬಳಿ ಇವೆ. ಹಳೆಯದಾದಾಗ ಪರಿಚಯದವರಿಗೋ, ನಮ್ಮಲ್ಲೇ ದುಡಿದ ಹುಡುಗನಿಗೋ ಕೊಟ್ಟುಬಿಡುತ್ತೇವೆ. ಆರ್.ಸಿ. ಪುಸ್ತಕ ಎಂದೋ ಕಳೆದಿರುತ್ತದೆ. ಖಾಲಿ ಟಿ.ಟಿ. ಫಾರಂಗೆ ಸಹಿ ಹಾಕಿ, ಹಣ ಎಣಿಸಿಕೊಂಡು, ವ್ಯವಹಾರ ಮುಗಿಯಿತು ಎಂದುಕೊಳ್ಳುತ್ತೇವೆ.

ಕಾನೂನಿಗೆ ಅದು ಮುಗಿದಿಲ್ಲ. 2009ರಲ್ಲಿ ಅಪಘಾತಕ್ಕೆ ಕಾರಣವಾದ ಕಾರೊಂದು ಅಷ್ಟರಲ್ಲಿ ಹಲವು ಕೈ ದಾಟಿತ್ತು. ಆರ್.ಟಿ.ಓ. ದಾಖಲೆಯಲ್ಲಿ ಮಾತ್ರ ಹಿಂದೆಯೇ ಮಾರಿದವರ ಹೆಸರಿತ್ತು. ಪರಿಹಾರದ ಹೊಣೆ ಅವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಆದ್ದರಿಂದ ಈ ಕ್ರಮ ಅನುಸರಿಸೋಣ:

1. ಮೊದಲು ನಕಲು ಆರ್.ಸಿ. ಪೊಲೀಸ್ ದೂರಿನ ಪ್ರತಿಯೊಂದಿಗೆ, ವಾಹನ ನೋಂದಣಿಯಾದ ಆರ್.ಟಿ.ಓ.ಗೆ ಫಾರಂ 26 ಸಲ್ಲಿಸಬೇಕು. ಅರ್ಜಿ ಹಾಕಬೇಕಾದವರು ದಾಖಲೆಯಲ್ಲಿರುವ ಮಾಲೀಕರೇ. ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35ರಿಂದ ತೆಗೆಸಿ.

2. ನೋಂದಣಿಯ ಅವಧಿ. ಖಾಸಗಿ ವಾಹನಕ್ಕೆ 15 ವರ್ಷ ದಾಟಿದ್ದರೆ ಫಾರಂ 25ರಲ್ಲಿ ನವೀಕರಣ ಆಗಬೇಕು. ಟೆಂಪೋಗಳಿಗೆ ಫಿಟ್‌ನೆಸ್ ಇರಬೇಕು.

3. ವರ್ಗಾವಣೆ. ಅದೇ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ಫಾರಂ 29, ಕೊಂಡವರು 30 ದಿನದೊಳಗೆ ಫಾರಂ 30 ಕೊಡಬೇಕು. ಮುಂಬಯಿ, ಪುಣೆಯ ವಾಹನವನ್ನು ಊರಿಗೆ ಒಯ್ದು ಅಲ್ಲಿ ಹೆಸರು ಬದಲಿಸುವುದಾದರೆ ಫಾರಂ 28ರಲ್ಲಿ ಎನ್.ಓ.ಸಿ. ಬೇಕು.

4. ಮಾಲೀಕರು ತೀರಿಕೊಂಡಿದ್ದರೆ. ತಂದೆಯ ಹೆಸರಿನ ವಾಹನವನ್ನು ಮಕ್ಕಳು ನೇರವಾಗಿ ಮಾರುವಂತಿಲ್ಲ. ಮರಣ ಪತ್ರದೊಂದಿಗೆ ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು. ಇದಕ್ಕೆ ಅವಧಿ ಮೂರು ತಿಂಗಳು.

ಕೊಳ್ಳುವವರು ಚಾಸಿ ನಂಬರ್, ಇಂಜಿನ್ ನಂಬರ್ ದಾಖಲೆಗೆ ತಾಳೆಯಾಗುವುದೇ ಎಂದು ನೋಡಿಕೊಳ್ಳಿ. ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮಾಲೀಕರಾಗಲಿ, ವಾರಸುದಾರರಾಗಲಿ ಪತ್ತೆಯಿಲ್ಲದ ವಾಹನ ಎಷ್ಟು ಅಗ್ಗವಾದರೂ ಬೇಡ, ನಕಲು ಆರ್.ಸಿ.ಗೆ ಸಹಿ ಹಾಕುವವರೇ ಇರುವುದಿಲ್ಲ.

ಮಾರುವವರು ವಾಹನ ಒಪ್ಪಿಸಿದ ದಿನ, ಗಂಟೆ ಬರೆದು ಕೊಂಡವರ ಸಹಿ ಪಡೆಯಿರಿ. ಆದರೆ ಆ ಚೀಟಿಯನ್ನೇ ನಂಬಿ ಕೂರಬೇಡಿ. ಹೊಸಬರ ಹೆಸರು ಆರ್.ಟಿ.ಓ. ದಾಖಲೆಗೆ ಏರಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಲೆಕ್ಕ ಚುಕ್ತಾ ಆಯಿತೆಂದು ತಿಳಿಯೋಣ.